ಎರಡನೆಯ ಚಿಪ್ಪು ನೀರು

ಬೆಳಗಿನಿಂದ ಸೆಲೂಕನ ಕೂದಲು ಅವನ ಮಾತು ಕೇಳುತ್ತಿರಲಿಲ್ಲ. ಒತ್ತಿ ಕೂರಿಸಿದರೆ ಏಳುತ್ತಿತ್ತು, ಬಾಚಿದರೆ ಜಾರಿ ಹಣೆಗೆ ಬರುತ್ತಿತ್ತು, ಕಿಟಕಿಯಿಂದ ಚೂರು ಗಾಳಿ ಬಂದರೂ ಸಾಕು, ಎದ್ದು ಕುಣಿಯುತ್ತಿತ್ತು. ಮಳೆ ಕೈಕೊಟ್ಟು ಫುನಾಫುಟಿ ದ್ವೀಪಕ್ಕೆ ದ್ವೀಪವೇ ಸಮುದ್ರದಲ್ಲಿ ಮೀಯತೊಡಗಿದ ಮೇಲೆ ಆ ಊರಿನ ಯಾರ ತಲೆಯಲ್ಲೂ ಕೂದಲು ಹೀಗೆ ಕುಣಿದದ್ದನ್ನು ಅವನು ಕಂಡಿರಲಿಲ್ಲ. ಕಂಡವರದೆಲ್ಲ ಉಪ್ಪು ಕಟ್ಟಿ, ತೆಂಗಿನ ನಾರಿನಂತೆ ಬಿರುಸಾಗಿ, ಹೇಗೆ ಮಲಗಿ ಎದ್ದರೋ ಹಾಗೆಯೇ ದಿನವಿಡೀ ನಿಂತಿರುತ್ತಿತ್ತು. ಹೀಗೆ ಮಾಡಿ ಎಂದು ಅವರಿಗೆ ಹೇಳಿದವನು ಸೆಲೂಕನೇ. ದೇಶದ ಅಷ್ಟೂ ದ್ವೀಪಗಳಿಗೆ ನೀರು ಹಂಚುವ ಕೆಲಸ ಅವನದು. ದಿನಾ ಬೆಳಗ್ಗೆ ರೇಡಿಯೋದಲ್ಲಿ, ‘ಕುಡಿಯೋದಕ್ಕೆ ಬಕೆಟ್, ಮೀಯೋದಕ್ಕೆ ಸಮುದ್ರ’ ಎಂದು ಸಾರಿ ಸಾರಿ ಆ ಮಾತು ಅವನ ಹೆಸರಿಗೇ ಅಂಟಿಕೊಂಡಿತ್ತು. ಮಕ್ಕಳು ಅವನ ಮೋಟಾರ್ ಸೈಕಲ್ಲಿನ ಹಿಂದೆ ಓಡುತ್ತ ಅದನ್ನೇ ರಾಗವಾಗಿ ಹಾಡುತ್ತಿದ್ದರು. ದೊಡ್ಡವರು ಅವನಿಗೆ ಬಕೆಟ್ ಮಂತ್ರಿ ಎನ್ನುತ್ತಿದ್ದರು, ಎದುರಿಗೇ. ಈಗ ಆ ಬಕೆಟ್ ಮಂತ್ರಿಯ ತಲೆ ಮಳೆಗಾಲದ ಮಗುವಿನ ತಲೆಯ ಹಾಗೆ ಮೆತ್ತಗಾಗಿ ಹೊಳೆಯುತ್ತಿತ್ತು.

ಆದದ್ದು ಇಷ್ಟೇ. ಬಾಗಿಲಿನ ಬಲಕ್ಕೆ ಸರದಿಯಲ್ಲಿ ಸಿಕ್ಕ ಸಿಹಿನೀರಿನ ಬಕೆಟ್, ಎಡಕ್ಕೆ ಸಮುದ್ರದ್ದು. ಎರಡೂ ಒಂದೇ ಬಣ್ಣ, ಒಂದೇ ಗಾತ್ರ, ಮುಚ್ಚಳವೂ ಒಂದೇ. ಆದರೆ ಜಾಗ ಮಾತ್ರ ಯಾರ ಮನೆಯಲ್ಲೂ ಅದಲುಬದಲಾಗುವುದಿಲ್ಲ, ನಿದ್ದೆಗಣ್ಣಿನ ಕೂಸಿಗೂ ಅದು ಗೊತ್ತು. ಎಲ್ಲರ ಜೊತೆ ಸಮುದ್ರಕ್ಕಿಳಿದರೆ ಕುತ್ತಿಗೆಯವರೆಗಿನ ನೀರಿನಲ್ಲಿ ಊರಿನವರು ಸುತ್ತುವರಿದು ಇನ್ನೊಂದು ಬಕೆಟ್ ಕೊಡಿಸು ಎಂದು ಗೋಗರೆಯುತ್ತಾರೆಂದು ಸೆಲೂಕ ಎಡಗಡೆಯ ಬಕೆಟ್ಟನ್ನು ಮನೆಯ ಹಿಂದಕ್ಕೆ ಒಯ್ದು ಒಬ್ಬನೇ ಮೀಯುತ್ತಿದ್ದ. ಇವತ್ತೂ ಅರೆಗಣ್ಣಿನಲ್ಲೇ ಒಯ್ದ, ತೆಂಗಿನ ಚಿಪ್ಪು ಅದ್ದಿದ, ತಲೆಗೆ ಸುರಿದುಕೊಂಡ. ನೀರು ಕಣ್ಣಿಗಿಳಿಯಿತು, ಉರಿಯಲಿಲ್ಲ. ತುಟಿಗಿಳಿಯಿತು, ಉಪ್ಪಿರಲಿಲ್ಲ. ಆಗ ಎಚ್ಚರವಾಯಿತು. ಮೊದಲ ಚಿಪ್ಪು ಕಣ್ತಪ್ಪು, ಯಾರಿಗಾದರೂ ಆಗುವಂಥದ್ದು, ಅದಕ್ಕೆ ದೇವರೂ ಏನೂ ಅನ್ನುವುದಿಲ್ಲ. ಆದರೆ ಚಿಪ್ಪು ಹಿಡಿದ ಕೈ ಅಲ್ಲಿಗೆ ನಿಲ್ಲಲಿಲ್ಲ. ಅದು ಸುಮ್ಮನೆ, ಇನ್ನೊಬ್ಬರ ಕೈಯ ಹಾಗೆ, ಮತ್ತೆ ಬಕೆಟ್ಟಿಗೆ ಹೋಯಿತು. ಚಿಕ್ಕವನಿದ್ದಾಗ ಮೊದಲ ಮಳೆಗೆ ವಾಲಿಸಿ ಅತ್ತೆ ಅವನನ್ನು ತಗಡಿನ ಸೂರಿನ ಕೆಳಗೆ ಎಳೆದು ನಿಲ್ಲಿಸಿ, ಕೊಬ್ಬರಿ ತುರಿದು ನೆತ್ತಿಗೆ ಮೆತ್ತಿ, ಅವನು ಕಿರುಚಿದಷ್ಟೂ ಉಜ್ಜುತ್ತಿದ್ದಳು. ಸೂರಿನಿಂದ ಬೀಳುವ ನೀರು ಬೆನ್ನಿಗೆ ಬಡಿಯುತ್ತಿತ್ತು, ಅತ್ತೆಯ ಬೈಗುಳ ಮಳೆಯ ಸದ್ದಿನಲ್ಲಿ ಕೇಳುತ್ತಿರಲಿಲ್ಲ, ಅವಳ ಬಾಯಿ ಮಾತ್ರ ಆಡುತ್ತಿತ್ತು. ಆ ನೆನಪಿನಿಂದ ಎಚ್ಚರವಾದಾಗ ಬಕೆಟ್ಟಿನ ತಳ ಕಂಡಿತು. ಸೋಪಿನ ನೊರೆ ಕಾಲಿನವರೆಗೂ ಇಳಿದಿತ್ತು. ಅದನ್ನು ಅವನು ಕಾಲಿನಿಂದಲೇ ಮರಳು ಎಳೆದು ಮುಚ್ಚಿದ, ಬೆಕ್ಕಿನ ಹಾಗೆ.

ವಿಚಿತ್ರವೆಂದರೆ ಒಳಗೆ ಬಂದು ನೋಡಿದರೆ ಬಲಗಡೆಯ ಬಕೆಟ್ಟೂ ತುಂಬಿಯೇ ಇತ್ತು. ಹೆಂಡತಿ ತೆಲುಪೆ ಅದರಿಂದಲೇ ಚಹಾಕ್ಕೆ ನೀರು ತೋಡುತ್ತಿದ್ದಳು. ಹಾಗಾದರೆ ತಾನು ಮಿಂದದ್ದು ಯಾವ ನೀರು? ದೇಶದ ನೀರನ್ನೆಲ್ಲ ಲೆಕ್ಕ ಹಾಕುವವನ ಮನೆಯಲ್ಲೇ ಲೆಕ್ಕಕ್ಕಿಲ್ಲದ ಒಂದು ಬಕೆಟ್. ಕೇಳಬೇಕೆನಿಸಿತು. ಆದರೆ ಕೇಳಿದರೆ ಮಿಂದದ್ದನ್ನೂ ಹೇಳಬೇಕಾಗುತ್ತದೆ. ಬಾಯಿ ಮುಚ್ಚಿಕೊಂಡು ಚಹಾ ಕುಡಿದ.

“ಏನಿವತ್ತು ಮದುಮಗನ ಕಳೆ?” ಎಂದಳು ತೆಲುಪೆ, ಅವನ ಕಡೆ ನೋಡದೆಯೇ.

“ಎಣ್ಣೆ ಹಚ್ಕೊಂಡೆ.”

“ಎಣ್ಣೆ ಹಚ್ಚಿದ ಕೂದಲು ಹಾರುತ್ತಾ?”

ಅವನು ಗೂಟದಲ್ಲಿದ್ದ ಹಳೆಯ ಟೋಪಿ ತೆಗೆದು ಕಿವಿಯವರೆಗೂ ಎಳೆದುಕೊಂಡ. ಹಿತ್ತಲ ಗುಡಿಸಲಿನಲ್ಲಿ ಒಬ್ಬಳೇ ಇರುವ ವಾಲಿಸಿ ಅತ್ತೆ ಹೊರಗೆ ಕೂತು ಚಾಪೆ ಹೆಣೆಯುತ್ತಿದ್ದವಳು ತಲೆಯೆತ್ತಿ, “ಬಿಸಿಲಿಲ್ಲ, ಏನಿಲ್ಲ, ಟೋಪಿ ಯಾಕೋ?” ಎಂದಳು. ಹಲ್ಲಿಲ್ಲದ ಬಾಯಲ್ಲಿ ಅದೇನು ನಗೆಯೋ, ಚಾಪೆಯ ಎಳೆ ಕಚ್ಚಿಕೊಂಡದ್ದೋ ತಿಳಿಯಲಿಲ್ಲ. ಅವನು ಗಾಡಿ ಶುರು ಮಾಡಿದ.

ಕಚೇರಿಯಲ್ಲಿ ರೇಡಿಯೋ ಆಗಲೇ ಕೂಗುತ್ತಿತ್ತು. ಒಂದೊಂದು ದ್ವೀಪದವರೂ ತಮ್ಮ ತೊಟ್ಟಿಗಳ ಮಟ್ಟ ಒಪ್ಪಿಸುವ ಹೊತ್ತು. ಅವರು ಹೇಳುವುದನ್ನು ಅವನು ಹಲಗೆಯ ಮೇಲೆ ಬರೆಯಬೇಕು, ಯಾರಲ್ಲಿ ಹೆಚ್ಚು, ಯಾರಲ್ಲಿ ಕಡಿಮೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ದನಿಯಲ್ಲೇ ಅಳೆಯಬೇಕು. ಇದ್ದರೂ ಇಲ್ಲವೆನ್ನುವವರು, ಇಲ್ಲದಿದ್ದರೂ ಮಾನಕ್ಕಂಜಿ ಇದೆಯೆನ್ನುವವರು. ನುಕುಲಾಯೆಲಾಯೆಯವರು ಎರಡನೆಯ ಜಾತಿ, ಅತ್ತೆ ಹುಟ್ಟಿದ ದ್ವೀಪ ಅದು. ಅಲ್ಲಿಂದ ಮಾತಾಡುವ ಪೆನಿ ಎಂಥ ಸಂಕಟದಲ್ಲೂ ತಮಾಷೆ ಬಿಡದವನು.

“ಸೆಲೂಕಣ್ಣಾ, ನಮ್ಮ ತೊಟ್ಟಿ ತಳದಲ್ಲಿ ಈಗ ಮುಖ ಕಾಣುತ್ತೆ. ನೀರಲ್ಲಿ ಅಲ್ಲ, ಸಿಮೆಂಟಲ್ಲಿ. ಅಷ್ಟು ಚೊಕ್ಕ ಆಗಿದೆ.”

“ಎಷ್ಟು ದಿನಕ್ಕಿದೆ, ಸರಿಯಾಗಿ ಹೇಳು.”

“ಎಳೇ ಮಕ್ಕಳಿಗೆ ಹಡಗು ಬರೋವರೆಗೆ ಇದೆ. ದೊಡ್ಡವರು ಎಳನೀರಲ್ಲಿ ಇದೀವಿ. ಮರಗಳಿಗೂ ಸುಸ್ತಾಗಿದೆ ಅಣ್ಣ, ಕಾಯೆಲ್ಲ ಅಂಗೈಯಷ್ಟು.” ರೇಡಿಯೋ ಕರಕರ ಎಂದಿತು. ಆಮೇಲೆ ಪೆನಿಯ ದನಿ ಸಣ್ಣಗಾಯಿತು. “ನಾಡಿದ್ದು ಹಡಗು ಹೊರಡುತ್ತೆ ತಾನೆ? ನೀರು ತುಂಬ್ಕೊಂಡೇ ಹೊರಡುತ್ತೆ ತಾನೆ?”

ಸೆಲೂಕ ಮಾತಾಡುತ್ತಲೇ ಒಂದು ಕೈಯಿಂದ ಟೋಪಿ ಒತ್ತಿ ಹಿಡಿದಿದ್ದ, ರೇಡಿಯೋದಲ್ಲಿ ಪೆನಿಗೆ ಕೂದಲು ಕಂಡುಬಿಡುತ್ತದೇನೋ ಎಂಬಂತೆ. “ತುಂಬ್ಕೊಂಡೇ ಬರುತ್ತೆ,” ಎಂದುಬಿಟ್ಟ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಫುನಾಫುಟಿಯಲ್ಲಿ ಇರುವುದು ಒಂದೇ. ಅದು ಎರಡು ದಿನ ಉಸಿರು ಕಟ್ಟಿ ದುಡಿದರೆ ಹಡಗಿನ ತೊಟ್ಟಿಗಳು ತುಂಬುತ್ತವೆ. ಆದರೆ ಆ ನೀರು ಹಡಗಿಗೆ ಹೋದರೆ ಊರಿನ ಸರದಿಯ ಸಾಲಿಗೆ ಎರಡು ದಿನ ಏನೂ ಇಲ್ಲ. ಆ ಎರಡು ದಿನಕ್ಕೆ ಉಳಿದಿರುವುದು ಚರ್ಚಿನ ನೆಲತೊಟ್ಟಿ ಮಾತ್ರ. ಅದರ ಮುಚ್ಚಳಕ್ಕೆ ಬೀಗ, ಬೀಗದ ಕೈ ಹಿರಿಯ ಅಮಸೋನೆಯವರ ಕುತ್ತಿಗೆಯಲ್ಲಿ. ಸುವಾರ್ತೆ ಈ ದ್ವೀಪಗಳಿಗೆ ಬಂದಿಳಿದ ನೆನಪಿನ ಹಬ್ಬಕ್ಕೆ ಅದು ಮೀಸಲು, ಕೊಡಲಾಗದು ಎಂದು ಅವರು ಹಿಂದೆ ಎರಡು ಸಲ ತಲೆಯಾಡಿಸಿದ್ದರು. ಎರಡು ಸಲವೂ ಸೆಲೂಕ ಹಲಗೆ ಹೊತ್ತುಕೊಂಡು ಹೋಗಿ, ಸೀಮೆಸುಣ್ಣದಲ್ಲಿ ದ್ವೀಪಗಳನ್ನು ಬರೆದು, ಬಾಣ ಎಳೆದು, ಕೂಡಿ ಕಳೆದು ತೋರಿಸಿದ್ದ. ಎರಡನೆಯ ಸಲ ಒಬ್ಬ ಹಿರಿಯರು ಗೊರಕೆ ಹೊಡೆದಿದ್ದರು. ಇವತ್ತು ಸಂಜೆ ಮೂರನೆಯ ಸಲ, ಕೊನೆಯ ಸಲ. ಬೀಗ ತೆಗೆಯದಿದ್ದರೆ ನಾಡಿದ್ದು ಹಡಗು ಖಾಲಿ ಹೋಗಬೇಕು, ಇಲ್ಲವೇ ಹೋಗಲೇಬಾರದು. ಇಂಥ ದಿನವೇ ಅವನು ತಲೆ ಸ್ನಾನ ಮಾಡಿ ಕೂತಿದ್ದ.

ಮಧ್ಯಾಹ್ನ ಯಂತ್ರದ ಬಳಿ ಸಾಲು ನೋಡಲು ಹೋದ. ಹೆಂಗಸರು ಬಕೆಟ್ಟುಗಳನ್ನು ಸಾಲಲ್ಲಿ ಇಟ್ಟು ತಾವು ನೆರಳಲ್ಲಿ ಕೂತಿದ್ದರು. ಅವನು ಯಾರ ಮುಖವನ್ನೂ ನೋಡಲಿಲ್ಲ, ತಲೆಗಳನ್ನೇ ನೋಡಿದ. ಬಿರುಸು, ಬಿರುಸು, ಎಲ್ಲ ಬಿರುಸು. ಗಂಟು ಬಿಡಿಸಲಾಗದೆ ಒಬ್ಬಳು ಬೋಳಿಸಿಕೊಂಡೇ ಬಂದಿದ್ದಳು. ಪ್ರತಿ ಸಂಜೆ ದೇಶದ ನೀರು ಕೂಡಿ ಕಳೆದರೆ ಅವನ ಲೆಕ್ಕ ತಾಳೆಯಾಗುತ್ತಿರಲಿಲ್ಲ, ಎಲ್ಲೋ ಒಂದಿಷ್ಟು ಕಾಣೆ. ಅದಕ್ಕೆ ಸೋರಿಕೆ ಎಂದು ಹೆಸರಿಟ್ಟು ಅವನು ತೊಟ್ಟಿಗಳ ಅಡಿಗೆ ತೆವಳಿದ್ದ, ಸಿಮೆಂಟಿಗೆ ಕಿವಿಯಿಟ್ಟು ಕೇಳಿದ್ದ, ನಲ್ಲಿಗಳಿಗೆ ಬಟ್ಟೆ ಸುತ್ತಿದ್ದ. ಒಂದು ತೊಟ್ಟೂ ಸಿಕ್ಕಿರಲಿಲ್ಲ. ಈಗ ಆ ಸೋರಿಕೆ ಟೋಪಿ ಹಾಕಿಕೊಂಡು ಸಾಲಿನ ಮುಂದೆಯೇ ನಿಂತಿದೆ ಎನಿಸಿ ಅವನಿಗೆ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯಾಯಿತು. ಬೋಳು ತಲೆಯ ಹೆಂಗಸು ಅವನನ್ನೇ ನೋಡಿ, “ಮಂತ್ರಿಗಳು ತುಂಬಾ ಘಮಘಮ ಅಂತಿದಾರೆ ಇವತ್ತು,” ಎಂದಳು. ಅವನು ಗಾಳಿಯ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತ.

ಸಂಜೆ ಬಿಸಿಲಿರುವಾಗಲೇ ಊರು ಮನೆಯಾಪದಲ್ಲಿ ಸೇರಿತು. ಸಭೆಗೂ ಕುಣಿತಕ್ಕೂ ಇರುವ ಆ ಮಂಟಪಕ್ಕೆ ಸೂರುಂಟು, ಗೋಡೆಯಿಲ್ಲ. ಕಂಬಗಳಿಗೆ ಒರಗಿ ಹಿರಿಯರು, ಅವರ ಹಿಂದೆ ಗಂಡಸರು, ಕೊನೆಗೆ ಚಾಪೆಗಳ ಮೇಲೆ ಹೆಂಗಸರು. ಸೆಲೂಕ ಹಲಗೆ ತಂದಿರಲಿಲ್ಲ. ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಕೆಮ್ಮಿ, “ಹಿರಿಯರ ಅಪ್ಪಣೆಯಿದ್ದರೆ,” ಎಂದು ಶುರು ಮಾಡಿದ.

“ಟೋಪಿ,” ಎಂದರು ಅಮಸೋನೆ.

ಮನೆಯಾಪದಲ್ಲಿ ಟೋಪಿ ಹಾಕಿ ಕೂರುವಂತಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬೆಳಗಿನಿಂದ ಅವನು ಈ ಒಂದು ಮಾತನ್ನೇ ಯೋಚಿಸದಿರಲು ಹೆಣಗಿದ್ದ. ತೆಗೆದ. ಸಮುದ್ರದಿಂದ ಬಂದ ಗಾಳಿ ಅದಕ್ಕೇ ಕಾದಿತ್ತೇನೋ, ಮಂಟಪದೊಳಗೆ ಹಾದು ಅವನ ಕೂದಲನ್ನು ಪೂರಾ ಎತ್ತಿ, ಎಲ್ಲರಿಗೂ ತೋರಿಸಿ, ನಿಧಾನವಾಗಿ ಇಳಿಸಿತು. ಹೆಂಗಸರ ಕಡೆ ಯಾರೋ ಕಿಸಕ್ಕೆಂದರು. ಆಮೇಲೆ ಸದ್ದೇ ಇಲ್ಲ. ಆ ಮೌನದಲ್ಲಿ ಸೆಲೂಕನಿಗೆ ತನ್ನ ತಲೆಯ ಒಂದೊಂದು ಕೂದಲೂ ಬೇರೆ ಬೇರೆಯಾಗಿ ಅರಿವಿಗೆ ಬಂತು. ಭೂಮಿ ಬಾಯಿ ತೆರೆಯಬಾರದೇ ಎಂದುಕೊಂಡ.

ಅಮಸೋನೆಯವರು ಕಂಬದಿಂದ ಬೆನ್ನು ತೆಗೆದು ಮುಂದಕ್ಕೆ ಬಾಗಿದರು. “ನೀರಿನವನೇ, ಕುಡಿಯೋದಕ್ಕೆ ಬಕೆಟ್, ಮೀಯೋದಕ್ಕೆ ಸಮುದ್ರ ಅಂತೀಯಲ್ಲ. ನಿನ್ನ ಸಮುದ್ರ ಯಾವುದಪ್ಪಾ? ಇಷ್ಟು ಮೆತ್ತಗಿರೋದು? ನಮಗೂ ತೋರಿಸು, ನಾವೂ ಇಳೀತೀವಿ.”

ಮಂಟಪ ಹೋ ಎಂದು ನಕ್ಕಿತು. ಸೆಲೂಕ ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ, ಪೆನಿ, ಅಂಗೈಯಷ್ಟರ ಕಾಯಿ, ಎಳೇ ಮಕ್ಕಳು, ಎಲ್ಲ ಆ ನಗೆಯಲ್ಲಿ ಕೊಚ್ಚಿಹೋಯಿತು. ಮುಗಿಯಿತು ಎನಿಸಿತು. ಒಂದು ಚಿಪ್ಪಿನ ಸುಖಕ್ಕೆ ಒಂದು ದ್ವೀಪವನ್ನು ಕಳೆದೆ ಎಂದು ಅವನಿಗೆ ಅಳುವೇ ಬರುವಂತಾಯಿತು.

ಆಗ ಹೆಂಗಸರ ನಡುವಿನಿಂದ ವಾಲಿಸಿ ಅತ್ತೆ ಎದ್ದಳು. ಕೈಯಲ್ಲಿ ಪೌಡರ್ ಡಬ್ಬಿ. ಕುಣಿಯುವವರಿಗೆ, ಚೆನ್ನಾಗಿ ಮಾತಾಡಿದವರಿಗೆ, ಸುಮ್ಮನೆ ಕೂತ ಅತಿಥಿಗೆ ಕೂಡ ಕುತ್ತಿಗೆಗೋ ತಲೆಗೋ ಪೌಡರ್ ಉದುರಿಸಿ ನಗಿಸುವುದು ಮುದುಕಿಯರ ಹಕ್ಕು. ಇನ್ನೊಬ್ಬರ ತಲೆಯ ಮೇಲೆ ಕೈಯಾಡಿಸಿದರೆ ಹೊಡೆದಾಟವೇ ಆಗುವ ಆ ಊರಿನಲ್ಲಿ ಪೌಡರ್ ಹಿಡಿದ ಮುದುಕಿಗೆ ಮಾತ್ರ ಆ ಕಟ್ಟು ಇಲ್ಲ. ಅವಳು ಸೊಂಟ ತಿರುಗಿಸುತ್ತ, ಅಣಕದ ಹೆಜ್ಜೆ ಹಾಕುತ್ತ ನಡುವಿಗೆ ಬಂದಳು. ಹೆಂಗಸರು ಚಾಪೆ ಬಡಿದು ತಾಳ ಹಾಕಿದರು.

“ನನ್ನ ಸೋದರಳಿಯ ಕಳ್ಳ,” ಎಂದಳು ಅತ್ತೆ, ಜಾತ್ರೆಯಲ್ಲಿ ಸಾರುವವಳ ಹಾಗೆ. “ನಾನೇ ಸಾಕಿದ್ದು, ನನಗೆ ಗೊತ್ತಿಲ್ವಾ? ನೋಡಿ.” ಡಬ್ಬಿ ಬಗ್ಗಿಸಿ ಅವನ ನೆತ್ತಿಗೆ ಸುರಿದು, ಬೆರಳಾಡಿಸಿ, ಉಫ್ ಎಂದು ಊದಿದಳು. ಪೌಡರ್ ಹೊಗೆಯಂತೆ ಎದ್ದು ಹಾರಿಹೋಯಿತು. ತಲೆಯಲ್ಲಿ ಒಂದು ಕಣವೂ ನಿಲ್ಲಲಿಲ್ಲ. ಅವಳು ಹಿಂದಕ್ಕೆ ಹೋಗಿ ಬೋಳು ತಲೆಯವಳ ಪಕ್ಕದ ಹುಡುಗಿಯ ತಲೆಗೂ ಹಾಗೇ ಸುರಿದು ಊದಿದಳು. ಅದು ಉಪ್ಪಿಗೆ ಮೆತ್ತಿಕೊಂಡು ಅಲ್ಲೇ ಕೂತಿತು, ಹುಡುಗಿ ಅಜ್ಜಿಯಾದಳು. “ಇದು ಸಮುದ್ರ. ಅದು ಬಕೆಟ್. ಗೊತ್ತಾಯ್ತಾ? ಈಗ ನಮ್ಮ ಹಿರಿಯರಿಗೆ ಮರ್ಯಾದೆ ಮಾಡೋಣ.”

ಮೊದಲ ಕಂಬದ ಹಿರಿಯರು ಕೈ ಎತ್ತಿ ತಲೆ ಮುಚ್ಚಿಕೊಂಡರು. “ವಾಲಿಸೀ, ನನಗೆ ಶೀತ,” ಎಂದರು.

“ತಲೆಗೆ ನೀರು ಹಾಕ್ಕೊಂಡ್ರೆ ಶೀತ ಆಗದೆ ಇರುತ್ತಾ ಅಣ್ಣ?” ಪೌಡರ್ ಸುರಿದಳು, ಊದಿದಳು, ಹಾರಿತು. ಹೆಂಗಸರು ಕೂಗು ಹಾಕಿದರು. ಎರಡನೆಯ ಕಂಬದಲ್ಲೂ ಹಾರಿತು. ಮೂರನೆಯವರದು ಮೆತ್ತಿಕೊಂಡಿತು, ಅವರು ಎದ್ದು ನಿಂತು ಎಲ್ಲರಿಗೂ ತಲೆ ತೋರಿಸಿ ಕುಣಿದೇಬಿಟ್ಟರು. ಆಮೇಲಿನ ನಾಲ್ಕು ಕಂಬಗಳ ಪೌಡರ್ ಒಟ್ಟಿಗೆ ಎದ್ದು ಮಂಟಪದ ಆಚೆ ಹೋಯಿತು. ಸೆಲೂಕ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಸಿಮೆಂಟಿಗೆ ಕಿವಿಯಿಟ್ಟು ಹುಡುಕಿದ ಸೋರಿಕೆ ಅವನ ಕಣ್ಣೆದುರೇ ಸಾಲಾಗಿ ಕಂಬಗಳಿಗೆ ಒರಗಿ ಕೂತಿತ್ತು.

ಕೊನೆಗೆ ಅಮಸೋನೆ. ಬೆಳ್ಳನೆಯ, ದಟ್ಟವಾದ, ಆದಿತ್ಯವಾರದ ಕೂದಲು. ಅತ್ತೆ ಅವರ ಮುಂದೆ ಮಂಡಿಯೂರಿದಳು. ತಾಳ ನಿಂತಿತು.

“ಹೆದರಬೇಡಿ, ನೀರಲ್ಲ, ಬರೀ ಪೌಡರ್,” ಎಂದಳು. ಸುರಿಯುವ ಮೊದಲು ಒಂದು ಗಳಿಗೆ ಕೈ ತಡೆದು, ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ಹಬ್ಬಕ್ಕೆ ನೀರು ಮೀಸಲು ಅಂತೀರಿ. ಸುವಾರ್ತೆ ಮೊದಲು ಇಳಿದದ್ದು ನಮ್ಮ ನುಕುಲಾಯೆಲಾಯೆಯ ದಂಡೆಗೆ ಅಲ್ವಾ? ದೋಣಿಯಲ್ಲಿ ತೇಲಿ ತೇಲಿ ಬಂದವನ ಬಾಯಿಗೆ ನಮ್ಮವರು ಮೊದಲು ಏನು ಹಾಕಿರ್ತಾರೆ? ‘ಇರಪ್ಪ, ಇದು ಹಬ್ಬಕ್ಕಿದೆ’ ಅಂದಿರ್ತಾರಾ?”

ಸುರಿದಳು. ಊದುವ ಮೊದಲೇ ಗಾಳಿ ಬಂತು. ಪೌಡರ್ ಪೂರಾ ಹಾರಿ ಅಮಸೋನೆಯವರ ರೆಪ್ಪೆ, ಮೂಗು, ಮೀಸೆಗಳ ಮೇಲೆ ಕೂತಿತು, ತಲೆಯೊಂದನ್ನು ಬಿಟ್ಟು. ಯಾರೂ ನಗಲಿಲ್ಲ. ನಗದಿದ್ದರೆ ಅದು ಅವಮಾನ, ನಕ್ಕರೆ ಆಟ, ಮೊದಲು ನಗಬೇಕಾದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅಮಸೋನೆಯವರು ಕಣ್ಣು ಪಿಳುಕಿಸಿದರು. ಒಂದು ಸೀನು ಬಂತು. ಸೀನಿನ ಹಿಂದೆಯೇ, ತಡೆಯಲಾಗದೆ, ಹೊಟ್ಟೆಯ ಒಳಗಿನಿಂದ ನಗು ಬಂತು. ಮನೆಯಾಪವೇ ಕುಸಿಯುವ ಹಾಗೆ ಊರು ನಕ್ಕಿತು. ಆ ಗದ್ದಲದಲ್ಲೇ ಅವರು ಕುತ್ತಿಗೆಯ ದಾರ ಬಿಚ್ಚಿ ಬೀಗದ ಕೈಯನ್ನು ಚಾಪೆಯ ಮೇಲೆ ಇಟ್ಟು, ಸೆಲೂಕನ ಕಡೆ ಬೆರಳಿನಿಂದ ತಳ್ಳಿದರು.

ತೊಟ್ಟಿಯ ಮುಚ್ಚಳ ತೆಗೆದಾಗ ಒಳಗೆ ನೀರು ಇತ್ತು, ಸಾಕಷ್ಟೇ ಇತ್ತು. ಆದರೆ ಬೀಗ ಹಾಕಿದ ದಿನ ಗೋಡೆಗೆ ಎಳೆದಿದ್ದ ಗೆರೆಗಿಂತ ಒಂದು ಗೇಣು ಕೆಳಗಿತ್ತು. ಸೆಲೂಕ ಗೆರೆಯನ್ನು ನೋಡಿದ, ಅಮಸೋನೆಯವರನ್ನು ನೋಡಿದ.

“ಸೋರಿಕೆ,” ಎಂದರು ಅಮಸೋನೆ, ಮೀಸೆಯ ಪೌಡರ್ ಒರೆಸಿಕೊಳ್ಳುತ್ತ, ಬಹಳ ಗಂಭೀರವಾಗಿ.

“ಹೌದು, ಸೋರಿಕೆ,” ಎಂದ ಸೆಲೂಕ.

ಕತ್ತಲಾಗುವ ಮೊದಲೇ ಯಂತ್ರದ ಕೊಳವೆಯನ್ನು ಹಡಗಿಗೆ ಜೋಡಿಸಿದರು. ಕಟ್ಟೆಯ ಮೇಲೆ ಅತ್ತೆ ಕಾಲು ಇಳಿಬಿಟ್ಟು ಕೂತು, ಹಡಗಿನ ಹೊಟ್ಟೆಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿದ್ದಳು. ಸೆಲೂಕ ಪಕ್ಕದಲ್ಲಿ ಕೂತ. ಹೇಳದೆ ಇರಲಾಗಲಿಲ್ಲ.

“ಅತ್ತೆ, ಬೆಳಗ್ಗೆ ಎಡಗಡೆ ಬಕೆಟ್ಟಲ್ಲಿ...”

“ನಂದು,” ಎಂದಳು ಅತ್ತೆ. “ನನ್ನ ಪಾಲಿಂದು ದಿನಾ ಒಂದೊಂದು ಚಿಪ್ಪು ಉಳಿಸಿ ತುಂಬಿಸಿದ್ದು. ನೀನು ಏಳೋ ಮುಂಚೆ ಬದಲಾಯಿಸಿಟ್ಟೆ.”

“ನಾನು ಮಿಂದ್ಬಿಡ್ತೀನಿ ಅಂತ ಗೊತ್ತಿದ್ದೂ?”

“ಮೀಯಲಿ ಅಂತಲೇ. ಚರ್ಚಲ್ಲಿ ಹಿಂದೆ ಕೂರೋ ನಮಗೆ ಆ ಹಿರಿಯರ ಕೂದಲು ಹಾರೋದು ಕಾಣ್ಸುತ್ತೆ. ಆದ್ರೆ ಆ ದೊಡ್ಡವರ ತಲೆ ಮೇಲೆ ಸುಮ್ಮನೆ ಹೋಗಿ ಪೌಡರ್ ಹಾಕೋಕಾಗುತ್ತಾ? ಮೊದಲು ಮನೆಯವನನ್ನ ನಗೆಪಾಟಲು ಮಾಡಬೇಕು. ಆಮೇಲೆ ಮಿಕ್ಕವರು ಮುನಿಸ್ಕೊಳ್ಳೋ ಹಾಗಿಲ್ಲ. ನೀನು ನಿನ್ನ ಹಲಗೆ ಹಿಡ್ಕೊಂಡು ಬಿರುಸು ಕೂದಲಲ್ಲಿ ಹೋಗಿದ್ರೆ ಇವತ್ತೂ ಗೊರಕೆ ಹೊಡೀತಿದ್ರು.” ಅವಳು ಹಡಗಿನ ಕಡೆ ಬೆರಳು ತೋರಿಸಿದಳು. “ಒಂದು ಬಕೆಟ್ ಖರ್ಚು ಮಾಡಿ ಒಂದು ಹಡಗು ತಗೊಂಡೆ. ತಾಳೆ ಆಯ್ತಾ ನಿನ್ನ ಲೆಕ್ಕ?”

ಸೆಲೂಕನಿಗೆ ನಗಬೇಕೆನಿಸಿತು, ಆದರೆ ಒಳಗೆ ಏನೋ ಚುಚ್ಚುತ್ತಿತ್ತು. ಕೊನೆಗೆ ಕೇಳಿದ: “ಮೊದಲನೇ ಚಿಪ್ಪಿಗೇ ಗೊತ್ತಾಗಿತ್ತು ಅತ್ತೆ, ಸಿಹಿನೀರು ಅಂತ. ಅಲ್ಲಿಗೇ ನಿಲ್ಲಿಸಿಬಿಟ್ಟಿದ್ರೆ?”

“ಅದೇ ಯೋಚನೆಯಲ್ಲಿ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ ಕಣೋ,” ಎಂದಳು ವಾಲಿಸಿ ಅತ್ತೆ. “ಆಮೇಲೆ, ಇವನನ್ನ ಬೆಳೆಸಿದ್ದು ನಾನೇ ಅಲ್ವಾ ಅಂತ ನೆನಪಾಯ್ತು. ನಿದ್ದೆ ಬಂತು.”

ಅವನು ಅಂಗಿ ಬಿಚ್ಚಿ ಅವಳ ಮಡಿಲಿಗೆ ಎಸೆದು, ಕಟ್ಟೆಯ ಮೆಟ್ಟಿಲಿಳಿದು ಸಮುದ್ರದಲ್ಲಿ ತಲೆ ಮುಳುಗಿಸಿದ.